ಭೋಗ್ಯದ ಮನೆ: ಕಂತಿಲ್ಲದ ಸಾಲದ ಚರಿತ್ರೆ

ಮನೆಯನ್ನೋ ಜಮೀನನ್ನೋ ಆಧಾರವಾಗಿಟ್ಟು ಸಾಲ ತಂದು, ಬಡ್ಡಿಯ ಬದಲಿಗೆ ಆ ಸ್ವತ್ತಿನ ಅನುಭೋಗವನ್ನೇ ಸಾಲ ಕೊಟ್ಟವನಿಗೆ ಬಿಟ್ಟುಕೊಡುವ ಪದ್ಧತಿಗೆ ಭೋಗ್ಯವೆಂದು ಹೆಸರು. ಜಮೀನಾದರೆ ಸಾಲ ಕೊಟ್ಟವನು ಉಳುತ್ತಾನೆ, ಬೆಳೆ ಅವನದು. ಮನೆಯಾದರೆ ಅವನೇ ಬಂದು ವಾಸಿಸುತ್ತಾನೆ, ಇಲ್ಲವೇ ಬೇರೆಯವರಿಗೆ ಕೊಟ್ಟು ಬಾಡಿಗೆ ತಾನು ತೆಗೆದುಕೊಳ್ಳುತ್ತಾನೆ. ಅಸಲು ಹಿಂತಿರುಗಿದ ದಿನ ಸ್ವತ್ತೂ ಹಿಂತಿರುಗಬೇಕು. ಅಲ್ಲಿಯವರೆಗೆ ತಿಂಗಳ ಕಂತಿಲ್ಲ, ಬಡ್ಡಿ ಬೆಳೆಯುವುದಿಲ್ಲ, ಬಾಗಿಲಿಗೆ ಬಂದು ಕೇಳುವವರಿಲ್ಲ. ಇದಕ್ಕಾಗಿ ಮನೆಯ ಯಜಮಾನ ತನ್ನ ಮನೆ ಬಿಟ್ಟು ಅಗ್ಗದ ಮನೆಗೆ ಹೋಗಬೇಕಾಗುತ್ತದೆ.

ಇಂಥ ಸಾಲ ಯಾರಿಗೆ ಬೇಕಾಯಿತು ಎಂಬುದರಲ್ಲಿಯೇ ಅದರ ಚರಿತ್ರೆಯ ತಿರುಳಿದೆ. ಒಂದನೇ ತಾರೀಖಿಗೆ ಸಂಬಳ ಬರುವವರಿಗೆ ಕಂತು ಕಟ್ಟುವುದು ಕಷ್ಟವಾದರೂ ಲೆಕ್ಕಕ್ಕೆ ಸಿಗುವ ಸಂಗತಿ. ನೇಕಾರ, ದರ್ಜಿ, ಬಡಗಿ, ಅಕ್ಕಸಾಲಿಗ, ಅಂಗಡಿಕಾರ, ಸಣ್ಣ ಗುತ್ತಿಗೆದಾರ ಇವರ ಆದಾಯಕ್ಕೆ ತಾರೀಖಿಲ್ಲ. ಮದುವೆಯ ತಿಂಗಳಲ್ಲಿ ಕೈತುಂಬ ಕೆಲಸ, ಆಷಾಢದಲ್ಲಿ ಖಾಲಿ. ಗಿರಾಕಿ ಕೊಡಬೇಕಾದ ಬಾಕಿ ಆರು ತಿಂಗಳು ತಡವಾಗಬಹುದು, ನೂಲಿನ ಬೆಲೆ ಏರಿದ ವರ್ಷ ಮಗ್ಗವೇ ನಿಲ್ಲಬಹುದು. ತಪ್ಪಿದ ಒಂದು ಕಂತು ಎರಡಾಗಿ, ಎರಡು ನಾಲ್ಕಾಗಿ, ಕಡೆಗೆ ಮನೆಯೇ ಹೋದ ಉದಾಹರಣೆಗಳು ಎಲ್ಲ ಕಾಲದಲ್ಲೂ ಇವೆ. ಸ್ವಂತ ದುಡಿಮೆಯವರಿಗೆ ಭೋಗ್ಯ ಕೊಟ್ಟದ್ದು ಕಾಲಾವಕಾಶ. ಅಸಲು ಕೂಡಿಬರುವತನಕ ಸಾಲ ಇದ್ದಷ್ಟೇ ಇರುತ್ತದೆಂಬ ಭರವಸೆ ಅವರಿಗೆ ಬೇರೆ ಯಾವ ಸಾಲದಲ್ಲೂ ಸಿಗುತ್ತಿರಲಿಲ್ಲ.

ಈ ಭರವಸೆಯನ್ನು ಬರಹಕ್ಕೆ ಇಳಿಸಿದ ಹಳೆಯ ಗ್ರಂಥಗಳಲ್ಲಿ ಯಾಜ್ಞವಲ್ಕ್ಯ ಸ್ಮೃತಿ ಮುಖ್ಯವಾದುದು. ಅದಕ್ಕೆ ಬರೆದ ವ್ಯಾಖ್ಯಾನಗಳಲ್ಲಿ ದೇಶದ ಬಹುಭಾಗ ಒಪ್ಪಿಕೊಂಡ ಮಿತಾಕ್ಷರ ಹುಟ್ಟಿದ್ದು ಕನ್ನಡ ನಾಡಿನಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆ 1076ರಿಂದ ಸುಮಾರು 1126ರವರೆಗೆ ನಡೆಯಿತು. ಅವನ ರಾಜಧಾನಿಯಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಈ ವ್ಯಾಖ್ಯಾನ ರಚಿಸಿದ. ಆಸ್ತಿ ಪಾಲಿನ ವಿಚಾರಕ್ಕಾಗಿ ಬ್ರಿಟಿಷ್ ನ್ಯಾಯಾಲಯಗಳು ಮಿತಾಕ್ಷರವನ್ನು ಅಷ್ಟೊಂದು ಉಪಯೋಗಿಸಿದ್ದರಿಂದ ಅದರ ಋಣಾದಾನ ಪ್ರಕರಣ ಓದುಗರ ಕಣ್ಣಿಗೆ ಬೀಳುವುದು ಕಡಿಮೆ. ಆದರೆ ಸಾಲಗಾರನ ದೃಷ್ಟಿಯಿಂದ ನೋಡಿದರೆ ಅದರಷ್ಟು ಬೆಲೆಬಾಳುವ ಭಾಗ ಇನ್ನೊಂದಿಲ್ಲ.

ಅಲ್ಲಿ ಆಧಾರವಿಟ್ಟ ವಸ್ತುವಿಗೆ ಆಧಿ ಎಂದು ಹೆಸರು. ಅದರಲ್ಲಿ ಎರಡು ಬಗೆ. ಸುಮ್ಮನೆ ಕಾಪಾಡಿ ಇಡಬೇಕಾದದ್ದು ಗೋಪ್ಯ, ಬಳಸಬಹುದಾದದ್ದು ಭೋಗ್ಯ. ಗೋಪ್ಯವಾಗಿ ಇಟ್ಟ ತಾಮ್ರದ ಕಡಾಯಿಯನ್ನು ಸಾಲ ಕೊಟ್ಟವನು ಅಡುಗೆಗೆ ಬಳಸಿಕೊಂಡರೆ ಅವನಿಗೆ ಬಡ್ಡಿಯ ಹಕ್ಕು ತಪ್ಪುತ್ತದೆ. ಬಡ್ಡಿ ಬೆಳೆದು ಸಾಲ ಇಮ್ಮಡಿಯಾದ ಮೇಲೂ ಬಿಡಿಸಿಕೊಳ್ಳದ ಆಧಿ ಸಾಲಗಾರನಿಗೆ ನಷ್ಟವಾಗುತ್ತದೆ. ಅವಧಿ ಗೊತ್ತುಮಾಡಿ ಇಟ್ಟದ್ದು ಅವಧಿ ಮೀರಿದಾಗ ಹೋಗುತ್ತದೆ. ಹೊಲ, ತೋಟದಂಥ ಫಲಭೋಗ್ಯದ ಆಧಿ ಮಾತ್ರ ಎಂದಿಗೂ ನಷ್ಟವಾಗುವುದಿಲ್ಲ. ಫಲ ಉಂಡವನಿಗೆ ಬಡ್ಡಿ ಸಂದಿದೆ, ಅವನಿಗೆ ಬರಬೇಕಾದದ್ದು ಅಸಲು ಮಾತ್ರ, ಆದ್ದರಿಂದ ಸ್ವತ್ತಿನ ಒಡೆತನ ಕೇಳಲು ಅವನಿಗೆ ಕಾರಣವೇ ಇಲ್ಲ ಎಂಬುದು ಇದರ ಹಿಂದಿನ ತರ್ಕ. ಇಳುವರಿಯಿಂದಲೇ ಸಾಲ ತೀರುತ್ತ ಬಂದು, ಗೊತ್ತಾದ ಮೊತ್ತ ಸಂದಾಯವಾದಾಗ ತಾನಾಗಿ ಬಿಡುಗಡೆಯಾಗುವ ಆಧಿಯೂ ಉಂಟು. ಅದು ಕ್ಷಯಾಧಿ. ಒಂಬತ್ತು ಶತಮಾನಗಳ ಹಿಂದೆ ಕಲ್ಯಾಣದಲ್ಲಿ ಕುಳಿತು ವಿವರಿಸಿದ ಈ ವಿಂಗಡಣೆ ಇಂದಿನ ಕಾನೂನಿನಲ್ಲೂ ಹೆಚ್ಚು ಕಡಿಮೆ ಹಾಗೆಯೇ ಉಳಿದಿದೆ ಎಂಬುದು ನಿಜಕ್ಕೂ ಬೆರಗಿನ ಮಾತು.

ಕನ್ನಡ ನಾಡಿನ ಹೊರಗೂ ಇದರ ಬಂಧುಗಳಿದ್ದವು. ಮಲಬಾರಿನ ಒತ್ತಿ ಮತ್ತು ಕಾಣಂ, ತಮಿಳುನಾಡಿನ ಒತ್ತಿ, ನೇಪಾಳದ ಭೋಗ ಬಂಧಕಿ ಇವೆಲ್ಲ ಒಂದೇ ಕುಲಕ್ಕೆ ಸೇರಿದವು. ಬಡ್ಡಿ ವಿಧಿಸಲು ಹಿಂಜರಿಕೆಯಿದ್ದಲ್ಲಿ, ಇಲ್ಲವೆ ಸಾಲಗಾರನ ಕೈಯಲ್ಲಿ ನಗದು ಓಡಾಡುವುದು ವರ್ಷಕ್ಕೊಮ್ಮೆ ಮಾತ್ರ ಎಂಬಲ್ಲಿ ಈ ಪದ್ಧತಿ ಬೇರು ಬಿಟ್ಟಿತು.

ಮೊದಮೊದಲು ಭೋಗ್ಯವೆಂದರೆ ಹೆಚ್ಚಾಗಿ ಜಮೀನು. ಹಳ್ಳಿಯ ಮನೆಯನ್ನು ಬಾಡಿಗೆಗೆ ಹಿಡಿಯುವವರು ಕಡಿಮೆ, ಆದ್ದರಿಂದ ಅದರ ಅನುಭೋಗಕ್ಕೆ ಬೆಲೆಯೂ ಕಡಿಮೆ. ಮನೆಗೆ ಬೆಲೆ ಬಂದದ್ದು ಪೇಟೆಗಳಲ್ಲಿ. ಬೆಂಗಳೂರಿನ ಕಬ್ಬನ್‌ಪೇಟೆ, ಗದಗ-ಬೆಟಗೇರಿ, ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಯಂಥ ನೇಕಾರಿಕೆಯ ಊರುಗಳಲ್ಲಿ ಮನೆ ಕಸುಬಿನ ಜಾಗವೂ ಆಗಿತ್ತು. ಕುಣಿಮಗ್ಗವನ್ನು ನೆಲ ಅಗೆದು ಹೂಡಿರುತ್ತಾರೆ, ಅದನ್ನು ಎತ್ತಿ ಗಾಡಿಯ ಮೇಲೆ ಹೇರಿಕೊಂಡು ಹೋಗುವಂತಿಲ್ಲ. ಹೀಗಾಗಿ ನೇಕಾರ ಮನೆ ಬಿಟ್ಟರೆ ಕಸುಬನ್ನೂ ಬಿಟ್ಟಂತೆ. ಇಡೀ ಮನೆಯನ್ನು ಭೋಗ್ಯಕ್ಕೆ ಕೊಟ್ಟವನು ಇನ್ನೊಬ್ಬರ ಮಗ್ಗದಲ್ಲಿ ಕೂಲಿಗೆ ಕೂರಬೇಕಾಗುತ್ತಿತ್ತು. ಸಾಲದ ಲೆಕ್ಕದಲ್ಲಿ ಎಲ್ಲೂ ಕಾಣದ ನಷ್ಟ ಇದು. ಮನೆಯ ಮುಂಭಾಗ ಕೊಟ್ಟು ಹಿಂಭಾಗದಲ್ಲಿ ತಾನಿರುವುದು, ಮಹಡಿ ಕೊಟ್ಟು ಕೆಳಗಿರುವುದು ಇಂಥ ಹೊಂದಾಣಿಕೆಗಳು ಕಸುಬುದಾರರ ನಡುವೆ ಬೆಳೆದದ್ದು ಇದೇ ಕಾರಣಕ್ಕೆ.

ಬ್ರಿಟಿಷರ ಆಳ್ವಿಕೆಯಲ್ಲಿ ಸಾಲದ ಸ್ವರೂಪವೇ ಬದಲಾಯಿತು. ಭೂಕಂದಾಯವನ್ನು ಗೊತ್ತಾದ ದಿನಕ್ಕೆ ನಗದಾಗಿ ಕಟ್ಟಬೇಕಾಯಿತು, ಸಾಲ ಪತ್ರಗಳಿಗೆ ಕೋರ್ಟಿನ ಬಲ ಬಂತು. ಓದಲು ಬಾರದವರು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಭೋಗ್ಯವೆಂದು ಬರೆದಿದೆಯೋ ಕ್ರಯವೆಂದು ಬರೆದಿದೆಯೋ ತಿಳಿಯುತ್ತಿರಲಿಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಲೇವಾದೇವಿಗಾರರ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನು ಕಿತ್ತು ಸುಟ್ಟರು. ಅವರ ಸಿಟ್ಟು ಕಾಗದದ ಮೇಲಿತ್ತು ಎಂಬುದನ್ನು ಗಮನಿಸಬೇಕು. ಅದರ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಕನ್ನಡಿಗರು ಸಾಕಷ್ಟಿದ್ದ ಸೊಲ್ಲಾಪುರವೂ ಅದರ ವ್ಯಾಪ್ತಿಯಲ್ಲಿತ್ತು. ಪತ್ರದಲ್ಲಿ ಏನೇ ಬರೆದಿದ್ದರೂ ವ್ಯವಹಾರದ ಪೂರ್ವಾಪರ ಕೆದಕಿ, ಮೊದಲಿಂದ ಲೆಕ್ಕ ಹಾಕಿ ನೋಡುವ ಅಧಿಕಾರವನ್ನು ಆ ಕಾಯ್ದೆ ನ್ಯಾಯಾಧೀಶರಿಗೆ ಕೊಟ್ಟಿತು.

ಇದರ ಬೆನ್ನಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಬಂತು. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳಿಗೆ ಅದು ಆ ವರ್ಷದಿಂದಲೇ ಅನ್ವಯಿಸಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬೈ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿಗೆ ತಲುಪಿದ್ದು 1893ರಲ್ಲಿ. ಕಾಯ್ದೆಯ 58ನೇ ಕಲಮು ಅಡಮಾನಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಭೋಗ್ಯಕ್ಕೆ ತನ್ನದೇ ಉಪಕಲಮು ಕೊಟ್ಟಿತು. ನೂರು ರೂಪಾಯಿ ಅಥವಾ ಹೆಚ್ಚಿನ ಸಾಲವಾದರೆ ಭೋಗ್ಯಪತ್ರ ನೋಂದಣಿಯಾಗಬೇಕು, ಕನಿಷ್ಠ ಇಬ್ಬರು ಸಾಕ್ಷಿ ಹಾಕಬೇಕು. ಸ್ವಾಧೀನದಲ್ಲಿರುವವನು ಮನೆಯನ್ನು ತನ್ನದೆಂಬಷ್ಟೇ ಎಚ್ಚರದಿಂದ ನೋಡಿಕೊಳ್ಳಬೇಕು, ಹಾಳುಗೆಡವಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಣ ಬರಲಿಲ್ಲವೆಂದು ಭೋಗ್ಯದಾರ ಮನೆಯನ್ನು ಹರಾಜು ಹಾಕಿಸುವ ದಾವೆ ಹೂಡುವಂತಿಲ್ಲ. ಹಣ ಬರುವವರೆಗೆ ಇರಬಹುದು, ಅಷ್ಟೇ.

ಆದರೆ ಲೇವಾದೇವಿಗಾರರು ಇದನ್ನು ತಪ್ಪಿಸಿಕೊಳ್ಳಲು ಇನ್ನೊಂದು ದಾರಿ ಹಿಡಿದರು. ಭೋಗ್ಯಪತ್ರದ ಬದಲು ಕ್ರಯಪತ್ರವನ್ನೇ ಬರೆಸಿಕೊಂಡು, ಇಂತಿಷ್ಟು ವರ್ಷದೊಳಗೆ ಹಣ ಕೊಟ್ಟರೆ ಮರಳಿ ಮಾರುತ್ತೇನೆಂದು ಬೇರೆ ಕಾಗದದಲ್ಲಿ ಬರೆದುಕೊಡುತ್ತಿದ್ದರು. ಗಡುವು ದಾಟಿದರೆ ಮನೆ ಹೋದಂತೆಯೇ. 1929ರ ತಿದ್ದುಪಡಿ ಇದಕ್ಕೆ ಒಂದು ಗೆರೆ ಎಳೆಯಿತು. ಮರಳಿಸುವ ಷರತ್ತು ಅದೇ ಪತ್ರದಲ್ಲಿದ್ದರೆ ಮಾತ್ರ ಅದನ್ನು ಅಡಮಾನವೆಂದು ವಾದಿಸಬಹುದು, ಬೇರೆ ಪತ್ರದಲ್ಲಿದ್ದರೆ ಅದು ಕ್ರಯವೇ. ವ್ಯಾಜ್ಯಗಳು ಕಡಿಮೆಯಾಗಲೆಂದು ಮಾಡಿದ ಈ ಸ್ಪಷ್ಟೀಕರಣ, ಎರಡು ಕಾಗದಗಳ ವ್ಯತ್ಯಾಸ ತಿಳಿಯದ ಬಡ ಸಾಲಗಾರನನ್ನು ಕಾಪಾಡಲಿಲ್ಲ ಎಂದೇ ಹೇಳಬೇಕು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಇಂಥದೇ ಅರೆಕೊರೆ ರಕ್ಷಣೆ ಇದೆ. ಸಾಲದ ಡಿಕ್ರಿ ಜಾರಿಯಾಗುವಾಗ ಕಸುಬುದಾರನ ಉಪಕರಣಗಳನ್ನು ಜಪ್ತಿ ಮಾಡುವಂತಿಲ್ಲ. ರೈತ, ಕೂಲಿಕಾರ, ಮನೆಗೆಲಸದವರು ವಾಸವಿರುವ ಮನೆಗೂ ವಿನಾಯಿತಿ ಇದೆ. ಅಂಗಡಿಕಾರನ ಮನೆಗಾಗಲಿ, ಸ್ವಂತ ಕಸುಬು ಮಾಡುವ ಅಕ್ಕಸಾಲಿಗನ ಮನೆಗಾಗಲಿ ಆ ಪಟ್ಟಿಯಲ್ಲಿ ಜಾಗವಿಲ್ಲ. ಸಂಬಳದವನೂ ಅಲ್ಲದ ಕೂಲಿಯವನೂ ಅಲ್ಲದ ಈ ಮಧ್ಯದ ದುಡಿಮೆಗಾರ ಕಾನೂನಿನ ಕಣ್ಣಿಗೆ ಅಂದೂ ಸರಿಯಾಗಿ ಬಿದ್ದಿರಲಿಲ್ಲ.

ಬೆಂಗಳೂರಿನ ಮನೆಗಳ ಕಥೆಗೆ 1898ರ ಪ್ಲೇಗು ದೊಡ್ಡ ತಿರುವು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಹೊರಬಂದರು, ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಚಾಮರಾಜಪೇಟೆ ಅದಕ್ಕೂ ಮುಂಚೆ, 1892ರಲ್ಲಿ ಆಗಿತ್ತು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು, ಬೆಂಗಳೂರಿಗೆ ಅಂಥ ಮಂಡಳಿ 1945ರಲ್ಲಿ ಬಂತು. 1909ರಲ್ಲಿ ಸ್ಥಾಪನೆಯಾದ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ ದೇಶದ ಮೊದಲ ಗೃಹ ನಿರ್ಮಾಣ ಸಹಕಾರ ಸಂಘಗಳ ಸಾಲಿನಲ್ಲಿದೆ. ನಿವೇಶನ, ಸಾಲ, ಕಂತು ಎಂಬ ಮೂರು ಮಾತುಗಳು ಒಟ್ಟಿಗೆ ಕೇಳಿಬರತೊಡಗಿದ್ದು ಆಗ. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿದವರಲ್ಲಿ ಸರ್ಕಾರಿ ನೌಕರರು, ವಕೀಲರು, ಮೇಷ್ಟರುಗಳು ಎದ್ದು ಕಾಣುತ್ತಿದ್ದರು. ಪೇಟೆಯ ಕಸುಬುದಾರರು ಬಹುಪಾಲು ಪೇಟೆಯಲ್ಲೇ ಉಳಿದರು.

ಅಗ್ಗದ ಮನೆ ಎಂದಾಗ ಹಳೆ ಮೈಸೂರು ಸೀಮೆಯವರಿಗೆ ನೆನಪಾಗುವುದು ವಠಾರ. ಒಂದೇ ಅಂಗಳದ ಸುತ್ತ ಸಾಲಾಗಿ ಒಂದೂವರೆ ಅಂಕಣದ, ಎರಡು ಅಂಕಣದ ಮನೆಗಳು, ಎಲ್ಲರಿಗೂ ಸೇರಿ ಒಂದು ಬಾವಿ ಅಥವಾ ನಲ್ಲಿ, ಹಿಂದೆ ಸಾಲು ಬಚ್ಚಲು. ಸ್ವಂತ ಮನೆಯನ್ನು ಭೋಗ್ಯಕ್ಕೆ ಕೊಟ್ಟ ಕುಟುಂಬಕ್ಕೆ ಕೈಗೆಟುಕುತ್ತಿದ್ದದ್ದು ಇಂಥ ಮನೆ. ನಡುಮನೆ, ಪಡಸಾಲೆ, ದೇವರ ಮನೆ ಇದ್ದಲ್ಲಿಂದ ಒಂದು ಕೋಣೆಗೆ ಬಂದಾಗ ಪಾತ್ರೆಪಗಡಿ ನೆಂಟರ ಅಟ್ಟ ಸೇರುತ್ತಿತ್ತು. ಮಕ್ಕಳ ಮದುವೆ ಮಾತು ಬಂದಾಗ ಸ್ವಂತ ಮನೆ ಭೋಗ್ಯದಲ್ಲಿದೆ ಎಂದು ಹೇಳಬೇಕಾಗುತ್ತಿತ್ತು. ಹೀಗೆ ಹೇಳಿಕೊಳ್ಳುವುದಕ್ಕೆ ಮುಜುಗರವಿತ್ತಾದರೂ ಮನೆ ಮಾರಿದೆವು ಎಂಬುದಕ್ಕಿಂತ ಅದು ಎಷ್ಟೋ ಗೌರವದ ಮಾತಾಗಿತ್ತು. ಭೋಗ್ಯ ಬಿಡಿಸಿಕೊಳ್ಳುವ ಹಣ ಸಾಮಾನ್ಯವಾಗಿ ಚೀಟಿಯಿಂದ ಬರುತ್ತಿತ್ತು. ತಿಂಗಳು ತಿಂಗಳು ಕಟ್ಟಿ, ಕೂಗಿ ಎತ್ತಿದ ಚೀಟಿ ಸ್ವಂತ ದುಡಿಮೆಯವರ ಬ್ಯಾಂಕಾಗಿತ್ತು. ಅಲ್ಲಿ ಆದಾಯದ ಪುರಾವೆ ಕೇಳುವವರಿಲ್ಲ, ಜೊತೆಯವರ ನಂಬಿಕೆಯೇ ಜಾಮೀನು.

ಕಂತಿನ ಸಾಲ ಜನಸಾಮಾನ್ಯರನ್ನು ತಲುಪಿದ್ದು ಬಹಳ ತಡವಾಗಿ. ಮನೆ ಸಾಲವನ್ನೇ ಮುಖ್ಯ ವ್ಯವಹಾರವಾಗಿಸಿಕೊಂಡ ಎಚ್‌ಡಿಎಫ್‌ಸಿಯನ್ನು ಹಸ್ಮುಖ್‌ಭಾಯ್ ಪಾರೇಖ್ ಸ್ಥಾಪಿಸಿದ್ದು 1977ರಲ್ಲಿ. ಬೆಂಗಳೂರಿನಲ್ಲಿ ಕ್ಯಾನ್‌ಫಿನ್ ಹೋಮ್ಸ್ 1987ರಲ್ಲಿ ಶುರುವಾಯಿತು, ರಾಷ್ಟ್ರೀಯ ವಸತಿ ಬ್ಯಾಂಕು 1988ರಲ್ಲಿ. ಮನೆ ಸಾಲ ಕೊಡುವ ಸಂಸ್ಥೆಗಳ ಅರ್ಜಿ ನಮೂನೆಯೇ ಸಂಬಳದಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಸಂಬಳದ ಚೀಟಿ, ಕಚೇರಿಯ ಪತ್ರ, ತೆರಿಗೆ ಕಡಿತದ ಪ್ರಮಾಣಪತ್ರ ಕೊಟ್ಟರೆ ಕೆಲಸ ಸಲೀಸು. ಸ್ವಂತ ವ್ಯವಹಾರದವರು ಎರಡು ಮೂರು ವರ್ಷಗಳ ಆದಾಯ ತೆರಿಗೆ ವಿವರ, ಲಾಭನಷ್ಟದ ತಖ್ತೆ, ಬ್ಯಾಂಕ್ ಖಾತೆಯ ವಹಿವಾಟು ತೋರಿಸಬೇಕು. ನಗದಿನಲ್ಲಿ ವ್ಯಾಪಾರ ನಡೆಸುವ ಅಂಗಡಿಯವನ ನಿಜವಾದ ಗಳಿಕೆ ಈ ಕಾಗದಗಳಲ್ಲಿ ಕಾಣುತ್ತಿರಲಿಲ್ಲ. ಸಾಲ ಸಿಕ್ಕರೂ ಮೊತ್ತ ಕಡಿಮೆ, ಕೆಲವೊಮ್ಮೆ ಬಡ್ಡಿ ಹೆಚ್ಚು. ನಗರದಂಚಿನಲ್ಲಿ ಕೃಷಿ ಜಮೀನನ್ನೇ ತುಂಡು ಮಾಡಿ ಮಾರಿದ ರೆವಿನ್ಯೂ ನಿವೇಶನಗಳಲ್ಲಿ, ಮುಂದೆ ಬಿ ಖಾತಾ ಎನಿಸಿಕೊಂಡ ಸಕ್ರಮವಲ್ಲದ ಸ್ವತ್ತುಗಳಲ್ಲಿ ಕಟ್ಟಿದ ಮನೆಗಳಿಗೆ ಬ್ಯಾಂಕುಗಳು ಕೈ ನೀಡುವುದೇ ಅಪರೂಪವಾಗಿತ್ತು. ಅಂಥ ಮನೆಗಳು ಎದ್ದದ್ದು ಕೈಸಾಲದಿಂದ, ಚೀಟಿಯಿಂದ, ಕಟ್ಟಿ ಮುಗಿಯುವ ಮುಂಚೆಯೇ ಪಡೆದ ಭೋಗ್ಯದ ಹಣದಿಂದ.

ಹೀಗೆ 1980ರ ದಶಕದಿಂದೀಚೆಗೆ ಬೆಂಗಳೂರಿನಲ್ಲಿ ಭೋಗ್ಯ ಹೊಸ ವೇಷ ತೊಟ್ಟಿತು. ಜನರ ಬಾಯಲ್ಲಿ ಅದು ಲೀಸ್ ಆಯಿತು. ಮನೆಯವರು ಒಂದು ದೊಡ್ಡ ಮೊತ್ತ ಪಡೆಯುತ್ತಾರೆ, ಬಂದವರು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತಾರೆ, ಹೋಗುವಾಗ ಅಷ್ಟೂ ಹಣ ವಾಪಸ್ ಪಡೆಯುತ್ತಾರೆ. ಮೊತ್ತ ಕಡಿಮೆ ಮಾಡಿ ತಿಂಗಳಿಗೆ ಒಂದಿಷ್ಟು ಬಾಡಿಗೆ ಸೇರಿಸುವ ಬಗೆಯೂ ಇದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೂ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಬೆಳೆದದ್ದನ್ನು ಇದರ ಜೊತೆಗಿಟ್ಟು ನೋಡಬೇಕು. ಬಾಡಿಗೆದಾರನ ಗಂಟನ್ನು ಬಡ್ಡಿಯಿಲ್ಲದೆ ಬಳಸಿಕೊಳ್ಳುವ ಅಭ್ಯಾಸ ಎರಡರಲ್ಲೂ ಒಂದೇ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆನ್ನುತ್ತದೆ, ಆದರೆ ರಾಜ್ಯ ತನ್ನದಾಗಿ ಮಾಡಿಕೊಳ್ಳುವವರೆಗೆ ಮಾದರಿ ಕಾಯ್ದೆಗೆ ಜಾರಿಯ ಬಲವಿಲ್ಲ.

1990ರ ದಶಕದಲ್ಲಿ ಬ್ಯಾಂಕ್ ಠೇವಣಿಗೆ ಶೇ 12ರ ಆಸುಪಾಸು ಬಡ್ಡಿ ಬರುತ್ತಿದ್ದಾಗ ಭೋಗ್ಯದ ಹಣವನ್ನು ಠೇವಣಿ ಇಟ್ಟರೂ ಬಾಡಿಗೆಗೆ ಸಮನಾಗುತ್ತಿತ್ತು. ಬಡ್ಡಿ ದರ ಅರ್ಧಕ್ಕೆ ಇಳಿದ ಮೇಲೆ ಆ ಲೆಕ್ಕ ಕೂಡುವುದಿಲ್ಲ. ಆದರೂ ಭೋಗ್ಯ ಕುಂದಲಿಲ್ಲ, ಏಕೆಂದರೆ ಮನೆ ಭೋಗ್ಯಕ್ಕೆ ಕೊಡುವವರಲ್ಲಿ ಈಗ ಹೊಸದೊಂದು ವರ್ಗ ಸೇರಿಕೊಂಡಿತ್ತು. ಬ್ಯಾಂಕ್ ಸಾಲ ಮಾಡಿ ಮನೆ ಕಟ್ಟಿ, ವ್ಯಾಪಾರ ಕುಗ್ಗಿ, ಕಂತು ಹೊರಲಾಗದೆ, ಮನೆಯನ್ನು ಭೋಗ್ಯಕ್ಕೆ ಕೊಟ್ಟು ಆ ಹಣದಿಂದ ಬ್ಯಾಂಕಿನ ಅಸಲು ಇಳಿಸಿ, ತಾವು ಊರಾಚೆಯ ಚಿಕ್ಕ ಮನೆಗೆ ಹೋಗುವವರು ಇವರು. ಬದಲಾಗುವ ಬಡ್ಡಿಯ ವೈಯಕ್ತಿಕ ಮನೆ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲಿ ಆದೇಶಿಸಿದ್ದು ಈ ದಾರಿಯನ್ನು ಸುಗಮ ಮಾಡಿತು.

ಇದರ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಅವಶ್ಯ. ₹30 ಲಕ್ಷ ಸಾಲ, ಶೇ 9 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು ₹27,000. ಮನೆಯನ್ನು ₹15 ಲಕ್ಷಕ್ಕೆ ಭೋಗ್ಯ ಕೊಟ್ಟು ಅಷ್ಟನ್ನೂ ಬ್ಯಾಂಕಿಗೆ ಕಟ್ಟಿದರೆ ಕಂತು ಸುಮಾರು ₹13,500ಕ್ಕೆ ಇಳಿಯುತ್ತದೆ. ಚಿಕ್ಕ ಮನೆಗೆ ₹8,000 ಬಾಡಿಗೆಯಾದರೆ ಒಟ್ಟು ಖರ್ಚು ₹21,500. ತಿಂಗಳಿಗೆ ₹5,500 ಉಳಿಯುತ್ತದೆ, 3 ವರ್ಷಕ್ಕೆ ಸುಮಾರು ₹2 ಲಕ್ಷ. ಅಷ್ಟು ಹೊತ್ತಿಗೆ ಬ್ಯಾಂಕಿನ ಬಾಕಿ ₹14 ಲಕ್ಷ ಚಿಲ್ಲರೆ ಇರುತ್ತದೆ, ಭೋಗ್ಯದಾರನಿಗೆ ಕೊಡಬೇಕಾದ ₹15 ಲಕ್ಷ ಹಾಗೆಯೇ ಇರುತ್ತದೆ. ಎರಡೂ ಸೇರಿ ₹29 ಲಕ್ಷ. ಅಂದರೆ ಮೂರು ವರ್ಷ ಮನೆ ಬಿಟ್ಟಿದ್ದರೂ ಒಟ್ಟು ಋಣ ಹೆಚ್ಚೇನೂ ಕರಗಿಲ್ಲ. ಕಂತು ತಪ್ಪದಂತೆ ನೋಡಿಕೊಳ್ಳಲು, ವ್ಯಾಪಾರ ಚೇತರಿಸಿಕೊಳ್ಳಲು ಸಮಯ ಸಿಕ್ಕಿದೆ. ಆ ಸಮಯದಲ್ಲಿ ಗಳಿಕೆ ಏರಿದರೆ ಮನೆ ಉಳಿಯುತ್ತದೆ. ಏರದಿದ್ದರೆ ಇನ್ನೊಬ್ಬ ಭೋಗ್ಯದಾರನನ್ನು ಹುಡುಕಿ, ಅವನ ಹಣದಿಂದ ಹಿಂದಿನವನದನ್ನು ತೀರಿಸಬೇಕು. ನಗರದ ಅದೆಷ್ಟೋ ಮನೆಗಳು ಹೀಗೆ ಕೈಯಿಂದ ಕೈಗೆ ದಾಟುತ್ತಿವೆ.

ಈ ಹೊಸ ಭೋಗ್ಯದಲ್ಲಿ ಹಳೆಯದರ ರಕ್ಷಣೆಗಳು ಒಂದೊಂದಾಗಿ ಕಳಚಿದವು. ಮೊದಲು ಹೋದದ್ದು ನೋಂದಣಿ. ಸ್ವಾಧೀನ ಸಹಿತ ಅಡಮಾನಕ್ಕೆ ಮುದ್ರಾಂಕ ಶುಲ್ಕ ಹೆಚ್ಚು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಎರಡನ್ನೂ ತಪ್ಪಿಸಲು ಛಾಪಾ ಕಾಗದದ ಮೇಲೆ 11 ತಿಂಗಳ ಕರಾರು ಬರೆದು, ನೋಟರಿ ಮೊಹರು ಹಾಕಿಸಿ ಮುಗಿಸುವ ರೂಢಿ ಬಂತು. ಹಣ ಹಲವೆಡೆ ನಗದಾಗಿಯೇ ಕೈ ಬದಲಾಯಿತು. ₹20,000 ಅಥವಾ ಅದಕ್ಕೂ ಮೀರಿದ ಸಾಲವನ್ನಾಗಲಿ ಠೇವಣಿಯನ್ನಾಗಲಿ ನಗದಿನಲ್ಲಿ ಪಡೆಯುವುದನ್ನು 1961ರ ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದ್ದರೂ ಹೀಗಾಯಿತು. ಲಕ್ಷಗಟ್ಟಲೆ ರೂಪಾಯಿ ಕೊಟ್ಟವರ ಕೈಯಲ್ಲಿ ಉಳಿದದ್ದು ಅಡಮಾನ ಪತ್ರವೂ ಅಲ್ಲದ, ಪೂರ್ಣ ಬಾಡಿಗೆ ಪತ್ರವೂ ಅಲ್ಲದ ಒಂದು ಕಾಗದ.

ಇದರ ಅಪಾಯ ಬಯಲಾದದ್ದು 2002ರ ಸರ್ಫೇಸಿ ಕಾಯ್ದೆಯ ನಂತರ. ಸಾಲ ಅನುತ್ಪಾದಕವಾದರೆ ಬ್ಯಾಂಕು 60 ದಿನಗಳ ನೋಟಿಸ್ ಕೊಟ್ಟು, ಕೋರ್ಟಿಗೆ ಹೋಗದೆಯೇ ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು, ಜಿಲ್ಲಾ ಮ್ಯಾಜಿಸ್ಟ್ರೇಟರ ನೆರವನ್ನೂ ಪಡೆಯಬಹುದು. ಮನೆಯವರು ಕಂತು ನಿಲ್ಲಿಸಿದ್ದು ಒಳಗಿರುವ ಭೋಗ್ಯದಾರರಿಗೆ ಗೊತ್ತಾಗುತ್ತಿದ್ದದ್ದು ಬಾಗಿಲಿಗೆ ನೋಟಿಸ್ ಅಂಟಿಸಿದಾಗ. ಈ ಭೋಗ್ಯದಾರರೂ ಹೆಚ್ಚಿನಂಶ ಸ್ವಂತ ದುಡಿಮೆಯವರೇ. ಆಟೋ ಓಡಿಸುವವರು, ಬೇಕರಿ ಇಟ್ಟವರು, ಟೈಲರ್‌ಗಳು, ತಿಂಗಳ ಬಾಡಿಗೆಯ ಭಾರ ತಪ್ಪಲೆಂದು ಜೀವಮಾನದ ಉಳಿತಾಯವನ್ನು ಒಂದೇ ಗಂಟಿನಲ್ಲಿ ಒಪ್ಪಿಸಿದವರು. ಒಂದೇ ಮನೆಯಲ್ಲಿ ಎರಡು ಕುಟುಂಬಗಳ ಅಸ್ಥಿರ ಆದಾಯ ಹೀಗೆ ಒಂದರ ಮೇಲೊಂದು ಕುಳಿತಿತ್ತು. ಮೇಲಿನದು ಕುಸಿದರೆ ಕೆಳಗಿನದೂ ಕುಸಿಯಿತು.

ಬ್ಯಾಂಕಿಗೆ ಅಡವಿಟ್ಟ ಮನೆಯನ್ನು ಯಜಮಾನ ಬೇರೆಯವರಿಗೆ ವಾಸಕ್ಕೆ ಕೊಡಬಹುದೇ ಎಂಬ ಪ್ರಶ್ನೆಗೆ ಉತ್ತರ 1929ರ ತಿದ್ದುಪಡಿಯಲ್ಲೇ, 65-ಎ ಕಲಮಿನಲ್ಲಿ ಇದೆ. ಅಡಮಾನದ ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಕೊಡಬಹುದು, ಆದರೆ ಸಿಗಬಹುದಾದ ಉತ್ತಮ ಬಾಡಿಗೆಗೇ ಕೊಡಬೇಕು, ಮುಂಗಡ ಗಂಟು ಪಡೆಯಬಾರದು, ಕಟ್ಟಡವಾದರೆ ಅವಧಿ 3 ವರ್ಷ ಮೀರಬಾರದು. ಭೋಗ್ಯದ ಜೀವಾಳವೇ ಮುಂಗಡ ಗಂಟು. ಹಾಗಾಗಿ ಬ್ಯಾಂಕ್ ಸಾಲವಿರುವ ಮನೆಯ ಲೀಸ್ ಈ ಕಲಮಿನ ಮುಂದೆ ನಿಲ್ಲುವುದು ಕಷ್ಟ. ವಾಸಿಸುತ್ತಿರುವವರ ಹಕ್ಕುಗಳ ಬಗ್ಗೆ ಸುಪ್ರೀಂ ಕೋರ್ಟ್ 2014, 2016 ಮತ್ತು 2019ರಲ್ಲಿ ಮುಖ್ಯ ತೀರ್ಪುಗಳನ್ನು ಕೊಟ್ಟಿದೆ. ಬಾಡಿಗೆ ಕಾಯ್ದೆಯ ರಕ್ಷಣೆಯುಳ್ಳ ನಿಜವಾದ ಬಾಡಿಗೆದಾರನನ್ನು ಬ್ಯಾಂಕು ಮನಬಂದಂತೆ ಎಬ್ಬಿಸುವಂತಿಲ್ಲ ಎಂಬುದನ್ನು ಒಂದು ಕಡೆ ಒಪ್ಪಿದೆ. ನೋಂದಣಿಯಿಲ್ಲದ ಕಾಗದ ಹಿಡಿದು ದೀರ್ಘಾವಧಿಯ ಹಕ್ಕು ಕೇಳುವಂತಿಲ್ಲ ಎಂದು ಇನ್ನೊಂದು ಕಡೆ ಹೇಳಿದೆ. 2016ರಲ್ಲಿ ಸರ್ಫೇಸಿ ಕಾಯ್ದೆಗೂ ತಿದ್ದುಪಡಿಯಾಗಿ, ವಾಸವಿರುವವರು ಸಾಲ ವಸೂಲಾತಿ ನ್ಯಾಯಮಂಡಳಿಯ ಮುಂದೆ ತಮ್ಮ ಹಕ್ಕು ಹೇಳಿಕೊಳ್ಳಲು ಅವಕಾಶವಾಯಿತು. ಹಕ್ಕು ಸಾಬೀತಾಗಬೇಕಾದರೆ ಪತ್ರ ಬೇಕು, ಪತ್ರವೇ ಇವರಲ್ಲಿ ದುರ್ಬಲ.

ಭೋಗ್ಯಕ್ಕೆ ಬರುವವರು ಮನೆಯ ಮೇಲಿನ ಸಾಲವನ್ನು ಮೊದಲೇ ತಿಳಿಯುವುದೂ ಸುಲಭವಾಗಿರಲಿಲ್ಲ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಪಡೆದ ಸಾಲ ನೋಂದಣಿಯಾಗದೆ ಇದ್ದರೆ ಸಬ್‌ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪ್ರಮಾಣಪತ್ರದಲ್ಲಿ ಕಾಣುವುದಿಲ್ಲ. ಇಂಥ ಅಡಮಾನಗಳನ್ನೂ ದಾಖಲಿಸುವ ಕೇಂದ್ರ ನೋಂದಣಿ ವ್ಯವಸ್ಥೆ ಸೆರ್ಸಾಯ್ 2011ರಲ್ಲಿ ಬಂತು. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದಾದರೂ ಲೀಸ್‌ಗೆ ಮನೆ ಹುಡುಕುವವರಲ್ಲಿ ಅದರ ಹೆಸರು ಕೇಳಿದವರು ಕಡಿಮೆ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ವಂಚನೆಯೂ ನಡೆದಿದೆ. ಮಧ್ಯವರ್ತಿಗಳು ಯಜಮಾನರಿಂದ ಮನೆಯನ್ನು ತಿಂಗಳ ಬಾಡಿಗೆಗೆ ಹಿಡಿದು, ತಾವೇ ಬೇರೆಯವರಿಗೆ ಲೀಸ್‌ಗೆ ಕೊಟ್ಟು, ಗಂಟು ಸಮೇತ ಕಾಣೆಯಾಗಿದ್ದಾರೆ.

ದಕ್ಷಿಣ ಕೊರಿಯಾದಲ್ಲಿಯೂ ಹೀಗೆಯೇ ಆಗಿದೆ. ಅಲ್ಲಿನ ಜೊನ್ಸೆ ಪದ್ಧತಿ ನಮ್ಮ ಲೀಸ್‌ನ ತದ್ರೂಪು. ಮನೆಯ ಬೆಲೆಯ ದೊಡ್ಡ ಪಾಲನ್ನು ಮುಂಗಡವಾಗಿ ಕೊಟ್ಟವರು ಬಾಡಿಗೆಯಿಲ್ಲದೆ ಇರುತ್ತಾರೆ. 2022ರ ಹೊತ್ತಿಗೆ ಮನೆ ಬೆಲೆ ಕುಸಿದು, ಮುಂಗಡ ಹಿಂತಿರುಗಿಸಲಾಗದ ಯಜಮಾನರೂ ಮೋಸ ಮಾಡಿದವರೂ ಸೇರಿ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಸಂತ್ರಸ್ತರ ನೆರವಿಗಾಗಿ ಅಲ್ಲಿನ ಸಂಸತ್ತು 2023ರಲ್ಲಿ ವಿಶೇಷ ಕಾನೂನು ಮಾಡಿತು. ಅಂಥ ಕಾನೂನು ಕರ್ನಾಟಕದ ಲೀಸ್‌ದಾರರಿಗೂ ಬೇಕಾಗಿದೆ.

ನೋಂದಾಯಿತ ಭೋಗ್ಯಕ್ಕೆ ಮಾತ್ರ ಹಳೆಯ ರಕ್ಷಣೆ ಇನ್ನೂ ಉಳಿದಿದೆ. 1908ರ ಕಾಲಮಿತಿ ಕಾಯ್ದೆಯಲ್ಲಿ ಅಡಮಾನ ಬಿಡಿಸಿಕೊಳ್ಳಲು 60 ವರ್ಷಗಳ ಗಡುವಿತ್ತು, 1963ರ ಕಾಯ್ದೆ ಅದನ್ನು 30ಕ್ಕೆ ಇಳಿಸಿತು. ಪತ್ರ ಬರೆದು 30 ವರ್ಷವಾಯಿತು, ಇನ್ನು ಮನೆ ನಮ್ಮದೇ ಎಂದು ಭೋಗ್ಯದಾರರು ವಾದಿಸಿದ ಪ್ರಕರಣಗಳು ದೇಶದ ಹಲವೆಡೆ ನಡೆದವು. ಸುಪ್ರೀಂ ಕೋರ್ಟ್ 2014ರ ಆಗಸ್ಟ್‌ನಲ್ಲಿ ಆ ವಾದವನ್ನು ತಳ್ಳಿಹಾಕಿತು. ಭೋಗ್ಯದಲ್ಲಿ ಕಾಲಮಿತಿ ಶುರುವಾಗುವುದು ಪತ್ರ ಬರೆದ ದಿನದಿಂದ ಅಲ್ಲ. ಸಾಲದ ಹಣ ಸ್ವತ್ತಿನ ಆದಾಯದಿಂದ ತೀರಿದಾಗ, ಅಥವಾ ಯಜಮಾನ ಅದನ್ನು ಕೊಟ್ಟಾಗ ಇಲ್ಲವೇ ಕೋರ್ಟಿನಲ್ಲಿ ಠೇವಣಿ ಇಟ್ಟಾಗ ಅದು ಶುರುವಾಗುತ್ತದೆ. ಬರೀ ವರ್ಷಗಳು ಕಳೆದವೆಂಬ ಕಾರಣಕ್ಕೆ ಭೋಗ್ಯದಾರ ಒಡೆಯನಾಗುವುದಿಲ್ಲ. ಫಲಭೋಗ್ಯದ ಆಧಿಗೆ ನಾಶವಿಲ್ಲವೆಂದು ಕಲ್ಯಾಣದ ವ್ಯಾಖ್ಯಾನಕಾರ ವಿವರಿಸಿದ ನಿಯಮವೂ ಇದೇ. ಹಣ ತೀರಿಸಿದ ಮೇಲೆ ಯಜಮಾನ ತನ್ನ ಪತ್ರಗಳನ್ನೂ ಸ್ವಾಧೀನವನ್ನೂ ಮರಳಿ ಪಡೆದು, ಭೋಗ್ಯ ತೀರಿತೆಂಬ ನೋಂದಾಯಿತ ಪತ್ರವನ್ನೂ ಬರೆಸಿಕೊಳ್ಳಬಹುದು. ಭೋಗ್ಯದಾರ ಒಪ್ಪದಿದ್ದರೆ 1882ರ ಕಾಯ್ದೆಯ 83ನೇ ಕಲಮಿನಂತೆ ಬಾಕಿ ಮೊತ್ತವನ್ನು ಕೋರ್ಟಿನಲ್ಲಿ ಠೇವಣಿ ಇಡಲು ಅವಕಾಶವಿದೆ.